ದುಂಡು ಚೌಕಟ್ಟು: ಒಳಗೆ ಉಳಿದದ್ದು, ಹೊರಗೆ ಹೋದದ್ದು

ಬಾದಾಮಿಯ ಎರಡನೆಯ ಗುಹಾಲಯಕ್ಕೆ ಹೋದವರು ಸಾಮಾನ್ಯವಾಗಿ ತ್ರಿವಿಕ್ರಮನನ್ನೂ ವರಾಹನನ್ನೂ ನೋಡಿ ಮುಂದಿನ ಮೆಟ್ಟಿಲು ಹತ್ತುತ್ತಾರೆ. ಕತ್ತೆತ್ತಿ ಮೇಲೆ ನೋಡುವವರು ಕಡಿಮೆ. ಅಲ್ಲಿನ ಛಾವಣಿಯಲ್ಲಿ ಒಂದು ಚಕ್ರವಿದೆ. ಅದರ ಅರೆಕಾಲುಗಳು ಮರದವಲ್ಲ, ಲೋಹದವೂ ಅಲ್ಲ, ಹದಿನಾರು ಮೀನುಗಳು. ಚೌಕಾಕಾರದ ಚೌಕಟ್ಟಿನೊಳಗೆ ದುಂಡನೆಯ ಚಕ್ರ, ಆ ಚಕ್ರದೊಳಗೆ ತಲೆಯನ್ನು ಒಂದೆಡೆಗೆ ಮಾಡಿ ನಿಂತ ಮೀನುಗಳು. ಹದಿನಾಲ್ಕು ಶತಮಾನಗಳ ಹಿಂದೆ ಶಿಲ್ಪಿಯೊಬ್ಬ ಚೌಕದೊಳಗೆ ದುಂಡನ್ನು ಕೂಡಿಸುವ ಲೆಕ್ಕವನ್ನು ಕೆಂಪು ಮರಳುಗಲ್ಲಿನ ಮೇಲೆ ಬಿಡಿಸಿ ಹೋಗಿದ್ದಾನೆ.

ಇದೇ ಲೆಕ್ಕವನ್ನು ಇಂದು ಲಕ್ಷಾಂತರ ಜನ ಬೆರಳ ತುದಿಯಿಂದ ಬಿಡಿಸುತ್ತಿದ್ದಾರೆ. ಮೊಬೈಲ್ ಫೋನಿನಲ್ಲಿ ಹೆಸರಿನ ಪಕ್ಕ ಕಾಣುವ ಮುಖಚಿತ್ರ ದುಂಡು. ಮದುವೆಯ ಆಮಂತ್ರಣ ಪತ್ರಿಕೆಯಲ್ಲಿ ವಧೂವರರ ಚಿತ್ರ ದುಂಡು. ಊರ ಸರ್ಕಲ್ಲಿನಲ್ಲಿ ಕಟ್ಟುವ ಬ್ಯಾನರಿನ ಮೇಲೆ ಮುಖಂಡರ ಕೆಳಗೆ ಸಾಲಾಗಿ ನಿಂತ ಹಿತೈಷಿಗಳ ಚಿತ್ರಗಳೂ ದುಂಡು. ಹಾಗಾಗಿ ಚೌಕಾಕಾರದ ಫೋಟೊವನ್ನು ದುಂಡಾಗಿಸುವುದು ಹೇಗೆ ಎಂಬುದು ಛಾಯಾಚಿತ್ರದ ಕೆಲಸ ಕಲಿಯುವವರ ಮೊದಲ ಪ್ರಶ್ನೆಗಳಲ್ಲಿ ಒಂದು. ಪ್ರಶ್ನೆ ಚಿಕ್ಕದು. ಆದರೆ ಅದರ ಬೆನ್ನಿಗೆ ಮತ್ತೊಂದು ಪ್ರಶ್ನೆಯಿದೆ: ದುಂಡು ಮಾಡಿದಾಗ ಹೊರಗೆ ಹೋದದ್ದು ಏನು?

ಬಾಗಲಕೋಟೆ ಜಿಲ್ಲೆಯ ಮಟ್ಟಿಗೆ ಈ ಎರಡನೆಯ ಪ್ರಶ್ನೆಗೆ ಹೆಚ್ಚಿನ ತೂಕವಿದೆ. ಅದಕ್ಕೆ ಕಾರಣ ಮುಂದೆ ತಿಳಿಯುತ್ತದೆ.

ಕಲ್ಲಿನಲ್ಲಿ ದುಂಡು

ಚಾಲುಕ್ಯರ ಶಿಲ್ಪಿಗಳಿಗೆ ದುಂಡು ಚೌಕಟ್ಟು ಬಹಳ ಪ್ರಿಯವಾದದ್ದು. ಬಾದಾಮಿಯ ಒಂದನೆಯ ಗುಹೆಯ ಛಾವಣಿಯಲ್ಲಿ ನಾಗರಾಜನಿದ್ದಾನೆ. ಸುರುಳಿ ಸುತ್ತಿದ ಅವನ ಮೈಯೇ ದುಂಡಾದ ಚೌಕಟ್ಟಾಗಿದೆ. ಆ ಸುರುಳಿಯ ನಡುವಿನಿಂದ ಎದೆಯೂ ತಲೆಯೂ ಹೊರಕ್ಕೆ ಚಾಚಿಕೊಂಡಿವೆ. ಅದೇ ಛಾವಣಿಯ ಇನ್ನೊಂದು ಅಂಕಣದಲ್ಲಿ ಸುಮಾರು ಎರಡೂವರೆ ಅಡಿ ವ್ಯಾಸದ ದುಂಡು ಫಲಕವಿದೆ. ಖಡ್ಗ ಹಿಡಿದ ಯಕ್ಷ, ಸೆರಗು ಹಾರಿಸುತ್ತಿರುವ ಅಪ್ಸರೆ, ಇಬ್ಬರೂ ಆ ವೃತ್ತದೊಳಗೆ ಹಾರುತ್ತಿದ್ದಾರೆ. ಕ್ರಿ.ಶ. 578ರಲ್ಲಿ ಮಂಗಳೇಶನ ಶಾಸನ ಪಡೆದ ಮೂರನೆಯ ಗುಹೆಯ ಕಂಬಗಳ ಮೇಲೂ ದುಂಡು ಪದಕಗಳಿವೆ. ಐಹೊಳೆಯ ದುರ್ಗದ ಗುಡಿಯ ಛಾವಣಿಯಲ್ಲಿ ನಾಗನೂ ಮೀನಿನ ಚಕ್ರವೂ ಮತ್ತೆ ಬರುತ್ತವೆ. ಪಟ್ಟದಕಲ್ಲಿನ ಜಂಬುಲಿಂಗ ಗುಡಿಯ ಶುಕನಾಸಿಯಲ್ಲಿ ನಂದಿ ಪಾರ್ವತಿಯರ ಜೊತೆ ಕುಣಿಯುವ ನಟರಾಜ ನಿಂತಿರುವುದು ಕುದುರೆಲಾಳದಂತೆ ಬಾಗಿದ ಕಮಾನಿನ ಒಳಗೆ.

ಇವುಗಳಲ್ಲಿ ಒಂದು ಸಂಗತಿ ಗಮನಿಸಬೇಕು. ಶಿಲ್ಪಿ ಮೊದಲು ದುಂಡನ್ನು ಗೊತ್ತುಮಾಡಿಕೊಂಡ. ಆಮೇಲೆ ಅದರೊಳಗೆ ಹಿಡಿಸುವಂತೆ ಮೈಗಳನ್ನು ಬಾಗಿಸಿದ. ಹಾರುವ ಅಪ್ಸರೆಯ ಮಡಿಸಿದ ಕಾಲು, ಬೆನ್ನ ಹಿಂದೆ ಕಮಾನಾಗಿ ಏಳುವ ಸೆರಗು, ನಾಗನ ಸುತ್ತುಗಳು ಎಲ್ಲವೂ ವೃತ್ತದ ಅಂಚನ್ನು ಅನುಸರಿಸುತ್ತವೆ. ಚೌಕಟ್ಟಿನಾಚೆ ಉಳಿದುಹೋದ ಕೈಯಾಗಲಿ ಕತ್ತರಿಸಿದ ಪಾದವಾಗಲಿ ಇಲ್ಲ. ಚೌಕ ಮತ್ತು ದುಂಡಿನ ನಡುವೆ ಉಳಿದ ನಾಲ್ಕು ಮೂಲೆಗಳನ್ನೂ ಶಿಲ್ಪಿ ಬೇರೆಯಾಗಿಯೇ ವಿಚಾರ ಮಾಡಿದ್ದಾನೆ.

ಫೋಟೊದ ಕಥೆ ಇದಕ್ಕೆ ತಿರುಗುಮುರುಗು. ಅಲ್ಲಿ ಚಿತ್ರ ಮೊದಲು, ದುಂಡು ಆಮೇಲೆ.

ಮಸೂರ ಕೊಡುವುದೇ ದುಂಡು

ಕ್ಯಾಮೆರಾದ ಚಿತ್ರ ಹುಟ್ಟುವಾಗ ದುಂಡಾಗಿಯೇ ಇರುತ್ತದೆ ಎಂಬುದು ಹಲವರಿಗೆ ಹೊಸ ಸುದ್ದಿ. ಬಿಸಿಲಿನಲ್ಲಿ ಭೂತಗನ್ನಡಿ ಹಿಡಿದು ಹಾಳೆಯ ಮೇಲೆ ಕಿಟಕಿಯ ಬಿಂಬ ಬೀಳಿಸಿದ ಮಕ್ಕಳಿಗೆ ಇದು ಗೊತ್ತು. ಮಸೂರ ದುಂಡು; ಅದು ಬೀಳಿಸುವ ಬೆಳಕಿನ ಬಿಂಬವೂ ದುಂಡು. ಆ ಬಿಂಬದ ನಡುವೆ ಚಿತ್ರ ಸ್ಫುಟವಾಗಿ, ಅಂಚಿಗೆ ಹೋದಂತೆ ಮಸುಕಾಗಿ, ಕೊನೆಗೆ ಕತ್ತಲಲ್ಲಿ ಕರಗುತ್ತದೆ. ಕ್ಯಾಮೆರಾ ಮಾಡುವವರು ಈ ವೃತ್ತದೊಳಗೆ ಹಿಡಿಸುವ ಒಂದು ಆಯತವನ್ನು ಇಟ್ಟು ಉಳಿದ ಬೆಳಕನ್ನು ಬಿಟ್ಟುಬಿಡುತ್ತಾರೆ.

ಲೆಕ್ಕ ಹಾಕಿ ನೋಡಿದರೆ ಸ್ವಾರಸ್ಯವಿದೆ. ಮೂವತ್ತೈದು ಮಿಲಿಮೀಟರ್ ಫಿಲ್ಮಿನ ಒಂದು ಚೌಕಟ್ಟು 36 ಮಿ.ಮೀ. ಅಗಲ, 24 ಮಿ.ಮೀ. ಎತ್ತರ. ಇಂದಿನ ಫುಲ್‌ಫ್ರೇಮ್ ಡಿಜಿಟಲ್ ಕ್ಯಾಮೆರಾದ ಸಂವೇದಕವೂ ಹೆಚ್ಚುಕಡಿಮೆ ಅಷ್ಟೇ. ಇದರ ಮೂಲೆಯಿಂದ ಮೂಲೆಗೆ 43 ಮಿ.ಮೀ.ಗಿಂತ ತುಸು ಹೆಚ್ಚು ದೂರ. ಮಸೂರದ ಬಿಂಬ ಕನಿಷ್ಠ ಅಷ್ಟು ವ್ಯಾಸವಿರಲೇಬೇಕು. ಆ ವೃತ್ತದ ಕ್ಷೇತ್ರಫಲದಲ್ಲಿ ಆಯತ ಬಳಸಿಕೊಳ್ಳುವುದು ಸುಮಾರು ಶೇಕಡಾ 59 ಮಾತ್ರ. ಈಗ ಅದೇ ಆಯತದಿಂದ ಮತ್ತೆ ಒಂದು ದುಂಡು ಚಿತ್ರ ಮಾಡಬೇಕೆಂದರೆ 24 ಮಿ.ಮೀ. ವ್ಯಾಸದ ವೃತ್ತಕ್ಕಿಂತ ದೊಡ್ಡದು ಸಿಗದು. ಅದು ಆಯತದ ಶೇಕಡಾ 52ರಷ್ಟು. ಅಂದರೆ ಫೋಟೊದ ಹೆಚ್ಚುಕಡಿಮೆ ಅರ್ಧ ಭಾಗ ಹೊರಗೆ ಹೋಗುತ್ತದೆ. ಮೊದಲೇ ಚೌಕಾಕಾರಕ್ಕೆ ಕತ್ತರಿಸಿದ ಚಿತ್ರವಾದರೂ ದುಂಡು ಮಾಡಿದಾಗ ನಾಲ್ಕು ಮೂಲೆಗಳಲ್ಲಿ ಒಟ್ಟು ಶೇಕಡಾ 21ಕ್ಕಿಂತ ಹೆಚ್ಚು ನಷ್ಟ.

ದುಂಡನ್ನು ಹಾಗೆಯೇ ಉಳಿಸಿಕೊಂಡ ಕ್ಯಾಮೆರಾವೂ ಇತ್ತು. 1888ರಲ್ಲಿ ಅಮೆರಿಕದ ಜಾರ್ಜ್ ಈಸ್ಟ್‌ಮನ್ ಮಾರುಕಟ್ಟೆಗೆ ತಂದ ಮೊದಲ ಕೊಡಕ್ ಕ್ಯಾಮೆರಾದ ಚಿತ್ರಗಳು ಸುಮಾರು ಎರಡೂವರೆ ಅಂಗುಲ ವ್ಯಾಸದ ದುಂಡು ಚಿತ್ರಗಳು. ನೂರು ಚಿತ್ರಗಳಿಗಾಗುವಷ್ಟು ಫಿಲ್ಮನ್ನು ಕಾರ್ಖಾನೆಯಲ್ಲೇ ತುಂಬಿ ಕೊಡುತ್ತಿದ್ದರು. ಮುಗಿದ ಮೇಲೆ ಕ್ಯಾಮೆರಾವನ್ನೇ ಮರಳಿ ಕಳಿಸಬೇಕು. ಅವರು ಚಿತ್ರ ಅಚ್ಚು ಹಾಕಿ, ಹೊಸ ಫಿಲ್ಮು ತುಂಬಿ ಹಿಂದಿರುಗಿಸುತ್ತಿದ್ದರು. ದುಂಡು ಅಲ್ಲಿ ಅಲಂಕಾರಕ್ಕೆ ಬಂದದ್ದಲ್ಲ. ಸಾದಾ ಮಸೂರದ ಬಿಂಬ ಮೂಲೆಗಳಲ್ಲಿ ಕೆಡುತ್ತಿತ್ತು, ಆದ್ದರಿಂದ ಮೂಲೆಯನ್ನೇ ತೆಗೆದರು. ನೋಡುಕಿಂಡಿಯೂ ಇಲ್ಲದ ಆ ಪೆಟ್ಟಿಗೆಯನ್ನು ಹೊಸಬರು ವಾರೆಯಾಗಿ ಹಿಡಿದರೂ ದುಂಡು ಚಿತ್ರವನ್ನು ಅಂಟಿಸುವಾಗ ತುಸು ತಿರುಗಿಸಿದರೆ ಸಾಕಾಗುತ್ತಿತ್ತು.

ಸ್ಟುಡಿಯೋದ ರಟ್ಟು

ಬಾದಾಮಿ ಐಹೊಳೆಗಳಿಗೆ ಕ್ಯಾಮೆರಾ ಬಂದದ್ದು ಕೊಡಕ್‌ಗಿಂತ ಮೂರು ದಶಕ ಮೊದಲು. ಮುಂಬಯಿ ಸರ್ಕಾರ 1855ರಲ್ಲಿ ಥಾಮಸ್ ಬಿಗ್ಸ್ ಎಂಬ ಸೇನಾಧಿಕಾರಿಯನ್ನು ಸ್ಮಾರಕಗಳ ಚಿತ್ರ ತೆಗೆಯಲು ನೇಮಿಸಿತು. ಅವನ ನಂತರ ಡಾಕ್ಟರ್ ಪಿಗೌ ಆ ಕೆಲಸ ಮುಂದುವರಿಸಿದ. ಇವರಿಬ್ಬರ ಚಿತ್ರಗಳ ಜೊತೆಗೆ ಡಾಕ್ಟರ್ ನೀಲ್ ಮೈಸೂರು ಸೀಮೆಯಲ್ಲಿ ತೆಗೆದ ಚಿತ್ರಗಳೂ ಸೇರಿ 1866ರಲ್ಲಿ ಧಾರವಾಡ ಮತ್ತು ಮೈಸೂರುಗಳ ವಾಸ್ತುಶಿಲ್ಪದ ದೊಡ್ಡ ಪುಸ್ತಕ ಲಂಡನ್ನಿನಲ್ಲಿ ಪ್ರಕಟವಾಯಿತು. ಅದಕ್ಕೆ ಇತಿಹಾಸ ಬರೆದವನು ಮೆಡೋಸ್ ಟೇಲರ್, ವಾಸ್ತುವಿನ ಟಿಪ್ಪಣಿ ಬರೆದವನು ಜೇಮ್ಸ್ ಫರ್ಗ್ಯುಸನ್. 1874ರಲ್ಲಿ ಜೇಮ್ಸ್ ಬರ್ಜೆಸ್ ಬೆಳಗಾವಿ ಮತ್ತು ಕಲಾದಗಿ ಜಿಲ್ಲೆಗಳ ಸಮೀಕ್ಷೆಯ ವರದಿಯನ್ನು ಹೊರತಂದ. ಇಂದಿನ ಬಾಗಲಕೋಟೆ ಜಿಲ್ಲೆಯ ಭಾಗಗಳು ಆಗ ಕಲಾದಗಿ ಜಿಲ್ಲೆಯಲ್ಲಿದ್ದವು. ಬಾಗಲಕೋಟೆ ಸ್ವತಂತ್ರ ಜಿಲ್ಲೆಯಾದದ್ದು 1997ರಲ್ಲಿ.

ಊರವರ ಮನೆಗೆ ಫೋಟೊ ಬಂದದ್ದು ಸ್ಟುಡಿಯೋಗಳ ಮೂಲಕ. ಪಡಸಾಲೆಯ ಗೋಡೆಗೆ ತೂಗುಹಾಕಿದ ಹಿರಿಯರ ಫೋಟೊಗಳಲ್ಲಿ ಮುಖ ಮತ್ತು ಎದೆಯ ಭಾಗ ಮಾತ್ರ ಕಂಡು, ಸುತ್ತಲಿನದು ಮೋಡದಂತೆ ಬೆಳ್ಳಗೆ ಕರಗಿದ್ದನ್ನು ಅನೇಕರು ನೋಡಿರುತ್ತಾರೆ. ಅದನ್ನು ಮಾಡುತ್ತಿದ್ದ ರೀತಿ ಸರಳ. ಕತ್ತಲಕೋಣೆಯಲ್ಲಿ ಎನ್‌ಲಾರ್ಜರಿನಿಂದ ಬೆಳಕು ಕೆಳಗಿನ ಕಾಗದದ ಮೇಲೆ ಬೀಳುತ್ತದೆ. ನಡುವೆ ದುಂಡನೆಯ ಇಲ್ಲವೇ ಮೊಟ್ಟೆಯಾಕಾರದ ತೂತು ಕೊರೆದ ರಟ್ಟೊಂದನ್ನು ಹಿಡಿಯಬೇಕು. ತೂತಿನ ಮೂಲಕ ಬೆಳಕು ಬಿದ್ದ ಕಡೆ ಚಿತ್ರ ಮೂಡುತ್ತದೆ, ರಟ್ಟು ತಡೆದ ಕಡೆ ಕಾಗದ ಬೆಳ್ಳಗೇ ಉಳಿಯುತ್ತದೆ. ರಟ್ಟನ್ನು ಅಲುಗಾಡಿಸದೆ ಕಾಗದದ ಹತ್ತಿರ ಹಿಡಿದರೆ ಅಂಚು ಚಾಕುವಿನಿಂದ ಕೊಯ್ದಂತೆ ಚೊಕ್ಕಟ. ಸ್ವಲ್ಪ ಮೇಲಕ್ಕೆತ್ತಿ ಮೆಲ್ಲಗೆ ಆಡಿಸುತ್ತಿದ್ದರೆ ಅಂಚು ಮೆದುವಾಗಿ ಕರಗುತ್ತದೆ.

ಈ ರಟ್ಟನ್ನು ನೆನಪಿನಲ್ಲಿಟ್ಟುಕೊಂಡರೆ ಇಂದಿನ ಕಂಪ್ಯೂಟರಿನ ಕೆಲಸ ಅರ್ಧ ತಿಳಿದಂತೆಯೇ. ತಂತ್ರಾಂಶಗಳಲ್ಲಿ ‘ಮಾಸ್ಕ್’ ಎಂದು ಕರೆಯುವುದು ಈ ರಟ್ಟನ್ನೇ. ‘ಫೆದರ್’ ಎಂಬುದು ರಟ್ಟನ್ನು ಆಡಿಸುವ ಕೈಚಳಕ. ಹಳೆಯ ರಟ್ಟಿನ ಇನ್ನೊಂದು ಗುಣವೂ ಇತ್ತು. ಕಾಗದದ ಮೇಲೆ ಮೂಲೆಗಳು ಕಾಣದಿದ್ದರೂ ನೆಗೆಟಿವ್‌ನಲ್ಲಿ ಅವು ಹಾಗೆಯೇ ಇರುತ್ತಿದ್ದವು. ಬೇಕೆಂದಾಗ ರಟ್ಟಿಲ್ಲದೆ ಇನ್ನೊಂದು ಪ್ರತಿ ತೆಗೆಯಬಹುದಿತ್ತು.

ಕಚ್ಚಾ ಚಿತ್ರವೆಂದರೇನು?

ಆ ನೆಗೆಟಿವ್‌ನ ಸ್ಥಾನದಲ್ಲಿ ಈಗ ಇರುವುದು ‘ರಾ’ ಕಡತ, ಅಂದರೆ ಕಚ್ಚಾ ಚಿತ್ರ. ಡಿಜಿಟಲ್ ಕ್ಯಾಮೆರಾದ ಸಂವೇದಕದಲ್ಲಿ ಕೋಟಿಗಟ್ಟಲೆ ಸಣ್ಣ ಬೆಳಕಿನ ಕುಳಿಗಳಿವೆ. ಒಂದೊಂದು ಕುಳಿಯ ಮೇಲೂ ಕೆಂಪು, ಹಸಿರು, ನೀಲಿ ಈ ಮೂರರಲ್ಲಿ ಒಂದು ಬಣ್ಣದ ಸೋಸುಗಾಜು ಇರುತ್ತದೆ. ಈ ಜೋಡಣೆಗೆ ಕೊಡಕ್ ಕಂಪನಿಯ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದರು. ಪ್ರತಿ ಕುಳಿಗೂ ಒಂದೇ ಬಣ್ಣದ ಅಳತೆ ಗೊತ್ತು. ಉಳಿದೆರಡನ್ನು ನೆರೆಯ ಕುಳಿಗಳನ್ನು ನೋಡಿ ಲೆಕ್ಕ ಹಾಕಬೇಕು. ಆ ಲೆಕ್ಕ ಹಾಕುವ ಮೊದಲಿನ ಅಳತೆಗಳ ಪಟ್ಟಿಯೇ ಕಚ್ಚಾ ಕಡತ.

ನಾವು ಸಾಮಾನ್ಯವಾಗಿ ನೋಡುವ ಜೆಪೆಗ್ ಚಿತ್ರವೆಂದರೆ ಕ್ಯಾಮೆರಾ ತಾನೇ ಅಡುಗೆ ಮಾಡಿ ಬಡಿಸಿದ ಊಟ. ಅದರಲ್ಲಿ ಒಂದೊಂದು ಬಣ್ಣಕ್ಕೆ 256 ಮಟ್ಟಗಳಷ್ಟೇ. ಹದಿನಾಲ್ಕು ಬಿಟ್‌ಗಳ ಕಚ್ಚಾ ಕಡತದಲ್ಲಿ 16,384 ಮಟ್ಟಗಳು. ಬಾದಾಮಿಯ ಗುಹೆಯಲ್ಲಿ ನಿಂತವರಿಗೆ ಈ ವ್ಯತ್ಯಾಸದ ಬೆಲೆ ಗೊತ್ತಾಗುತ್ತದೆ. ಒಳಗೆ ಛಾವಣಿಯಲ್ಲಿ ಮಬ್ಬು, ಹೊರಗೆ ಅಗಸ್ತ್ಯ ತೀರ್ಥದ ಮೇಲೆ ಕಣ್ಣು ಕುಕ್ಕುವ ಬಿಸಿಲು. ಕೆಂಪು ಕಲ್ಲೇ ತುಂಬಿದ ನೋಟವನ್ನು ಕಂಡ ಕ್ಯಾಮೆರಾ ಬಣ್ಣ ಹೆಚ್ಚಾಯಿತೆಂದು ತಾನೇ ಅಂದುಕೊಂಡು ತುಸು ನೀಲಿ ಬೆರೆಸಿಬಿಡುವುದೂ ಉಂಟು. ಜೆಪೆಗ್ ಆದ ಮೇಲೆ ಇದನ್ನು ತಿದ್ದುವುದು ಕಷ್ಟ. ಕಚ್ಚಾ ಕಡತದಲ್ಲಿ ಬಣ್ಣದ ಸಮತೋಲ ಇನ್ನೂ ತೀರ್ಮಾನವಾಗಿರುವುದಿಲ್ಲ.

ಕಚ್ಚಾ ಕಡತವನ್ನು ಚಿತ್ರವಾಗಿಸುವ ತಂತ್ರಾಂಶಗಳು ಹಲವು. ಅಡೋಬಿ ಕಂಪನಿಯ ಲೈಟ್‌ರೂಮ್ ಹಣ ಕೊಟ್ಟು ಪಡೆಯುವಂಥದು. ಡಾರ್ಕ್‌ಟೇಬಲ್ ಮತ್ತು ರಾಥೆರಪಿ ಎಲ್ಲರಿಗೂ ಉಚಿತ. ಇವುಗಳ ಮುಖ್ಯ ಧರ್ಮವೊಂದಿದೆ: ಮೂಲ ಕಡತವನ್ನು ಇವು ಎಂದೂ ಮುಟ್ಟುವುದಿಲ್ಲ. ‘ಇಲ್ಲಿ ಕತ್ತರಿಸು, ಅಲ್ಲಿ ಬೆಳಕು ಇಳಿಸು’ ಎಂಬ ಸೂಚನೆಗಳನ್ನು ಮಾತ್ರ ಬೇರೆಯಾಗಿ ಬರೆದಿಡುತ್ತವೆ. ಹೊಸ ಪ್ರತಿ ಬೇಕೆಂದಾಗ ಮೂಲದ ಮೇಲೆ ಸೂಚನೆಗಳನ್ನು ನಡೆಸಿ ಚಿತ್ರ ತಯಾರಿಸುತ್ತವೆ. ಬಟ್ಟೆಯನ್ನು ಕತ್ತರಿಸದೆ ಸೀಮೆಸುಣ್ಣದ ಗುರುತು ಮಾತ್ರ ಹಾಕಿಟ್ಟ ದರ್ಜಿಯಂತೆ.

ದುಂಡು ಮಾಡುವ ಬಗೆ

ಹೀಗಿದ್ದರೂ ಕಚ್ಚಾ ಚಿತ್ರದ ತಂತ್ರಾಂಶದಲ್ಲಿ ‘ದುಂಡಾಗಿ ಕತ್ತರಿಸು’ ಎಂಬ ಗುಂಡಿಯನ್ನು ಹುಡುಕಿದವರಿಗೆ ನಿರಾಶೆಯಾಗುತ್ತದೆ. ಕತ್ತರಿಸುವ ಉಪಕರಣ ಆಯತವನ್ನು ಮಾತ್ರ ಬಲ್ಲದು. ಕಂಪ್ಯೂಟರಿನ ಚಿತ್ರವೆಂಬುದು ಸಾಲು ಕಂಬಗಳಲ್ಲಿ ಜೋಡಿಸಿದ ಬಿಂದುಗಳ ಹಾಸು. ದುಂಡು ಕಡತ ಎಂಬುದೇ ಇಲ್ಲ. ದುಂಡಾಗಿ ಕಾಣುವ ಚಿತ್ರವೂ ಒಳಗೆ ಚೌಕವೇ. ಮೂಲೆಗಳಿಗೆ ಕಪ್ಪನ್ನೋ ಬಿಳುಪನ್ನೋ ಬಳಿದಿರುತ್ತಾರೆ, ಇಲ್ಲವೇ ‘ಇಲ್ಲಿ ಏನೂ ಇಲ್ಲ’ ಎಂದು ಗುರುತು ಮಾಡಿರುತ್ತಾರೆ.

ಮೊದಲ ಬಗೆ ಹೀಗೆ. ಚಿತ್ರದ ವಾರೆ ಮತ್ತು ಓರೆಯನ್ನು ಮೊದಲೇ ತಿದ್ದಿಕೊಳ್ಳಬೇಕು. ಛಾವಣಿಯ ಚಕ್ರವನ್ನು ಪಕ್ಕದಿಂದ ತೆಗೆದಿದ್ದರೆ ಅದು ಮೊಟ್ಟೆಯಾಗಿ ಕಾಣುತ್ತದೆ; ಕ್ಯಾಮೆರಾವನ್ನು ಚಕ್ರದ ನೇರ ಕೆಳಗೆ ಮುಖ ಮೇಲೆ ಮಾಡಿ ಇಟ್ಟು ತೆಗೆಯುವುದೇ ಲೇಸು. ಆಮೇಲೆ ಚಿತ್ರವನ್ನು ಚೌಕಕ್ಕೆ ಕತ್ತರಿಸಬೇಕು. ಬಳಿಕ ಡಾರ್ಕ್‌ಟೇಬಲ್‌ನಂಥ ತಂತ್ರಾಂಶದಲ್ಲಿ ಬೆಳಕಿನ ಮಟ್ಟ ಬದಲಿಸುವ ‘ಎಕ್ಸ್‌ಪೋಷರ್’ ವಿಭಾಗಕ್ಕೆ ಒಂದು ದುಂಡು ಮಾಸ್ಕ್ ಬಿಡಿಸಿ, ಅದನ್ನು ತಿರುವು ಮಾಡಬೇಕು. ಆಗ ಬದಲಾವಣೆ ದುಂಡಿನ ಹೊರಗೆ ಮಾತ್ರ ನಡೆಯುತ್ತದೆ. ಬೆಳಕನ್ನು ಪೂರ್ತಿ ಇಳಿಸಿದರೆ ಮೂಲೆಗಳು ಕಪ್ಪಾಗಿ, ನಡುವೆ ದುಂಡು ಚಿತ್ರ ಉಳಿಯುತ್ತದೆ. ಒಮ್ಮೆಗೆ ಸಾಲದಿದ್ದರೆ ಅದೇ ವಿಭಾಗವನ್ನು ಇನ್ನೊಮ್ಮೆ ಹೇರಬಹುದು.

ಇಲ್ಲಿ ಒಂದು ಸೂಕ್ಷ್ಮವಿದೆ. ಮೂಲೆಗಳನ್ನು ಕಪ್ಪು ಮಾಡುವುದು ಸುಲಭ, ಬಿಳುಪು ಮಾಡುವುದು ಕಷ್ಟ. ಎಕ್ಸ್‌ಪೋಷರ್ ಎಂಬುದು ಗುಣಾಕಾರ. ಎಂಥ ದೊಡ್ಡ ಸಂಖ್ಯೆಯನ್ನೂ ಮತ್ತೆ ಮತ್ತೆ ಭಾಗಿಸಿದರೆ ಸೊನ್ನೆಯ ಹತ್ತಿರ ಬಂದೇ ಬರುತ್ತದೆ. ಆದರೆ ಸೊನ್ನೆಯನ್ನು ಎಷ್ಟರಿಂದ ಗುಣಿಸಿದರೂ ಸೊನ್ನೆಯೇ. ಮೂಲೆಯಲ್ಲಿ ಕಪ್ಪು ಕಂಬಳಿಯೋ ಕತ್ತಲ ಬಾಗಿಲೋ ಇದ್ದರೆ ಎಷ್ಟು ಬೆಳಕು ಏರಿಸಿದರೂ ಅಲ್ಲಿ ಕಲೆ ಉಳಿಯುತ್ತದೆ.

ಬಿಳಿಯ ಅಥವಾ ಬಣ್ಣದ ಚೌಕಟ್ಟು ಬೇಕಾದವರಿಗೆ ಎರಡನೆಯ ಬಗೆಯೊಂದಿದೆ. ಚೌಕಾಕಾರದ ಬಿಳಿ ಹಾಳೆಯ ನಡುವೆ ದುಂಡು ತೂತಿರುವ ಒಂದು ರೇಖಾಚಿತ್ರವನ್ನು ಮೊದಲೇ ತಯಾರಿಸಿಟ್ಟುಕೊಂಡು, ಫೋಟೊದ ಮೇಲೆ ಹೆಸರಿನ ಮುದ್ರೆ ಒತ್ತಲು ಇರುವ ‘ವಾಟರ್‌ಮಾರ್ಕ್’ ವಿಭಾಗದ ಮೂಲಕ ಅದನ್ನು ಚಿತ್ರದ ಮೇಲೆ ಹೊದಿಸುವುದು. ಸ್ಟುಡಿಯೋದವರು ಗಾಜಿನ ಕೆಳಗೆ ಇಡುತ್ತಿದ್ದ ತೂತಿನ ರಟ್ಟೇ ಇದು. ಒಮ್ಮೆ ಮಾಡಿಟ್ಟರೆ ನೂರು ಚಿತ್ರಗಳಿಗೆ ಬಳಸಬಹುದು. ಹೂಬಳ್ಳಿಯ ಅಂಚು ಬೇಕಾದವರು ರಟ್ಟಿನ ಮೇಲೆ ಬಳ್ಳಿ ಬಿಡಿಸಿಕೊಳ್ಳಬಹುದು.

ಮೂರನೆಯದು ಮೂಲೆಗಳು ಪಾರದರ್ಶಕವಾಗಿರಬೇಕಾದಾಗ. ಆಮಂತ್ರಣ ಪತ್ರಿಕೆಯ ಬಣ್ಣದ ಹಿನ್ನೆಲೆಯ ಮೇಲೆ ದುಂಡು ಚಿತ್ರ ಕೂಡಿಸಬೇಕಾದರೆ ಬಿಳಿ ಮೂಲೆಗಳು ಅಡ್ಡ ಬರುತ್ತವೆ. ಕಚ್ಚಾ ತಂತ್ರಾಂಶದಿಂದ ಚೌಕ ಚಿತ್ರವನ್ನು ಹೊರತಂದು, ಗಿಂಪ್‌ನಂಥ ಚಿತ್ರ ತಿದ್ದುವ ತಂತ್ರಾಂಶದಲ್ಲಿ ದುಂಡು ಆಯ್ಕೆ ಮಾಡಿ ಹೊರಗಿನದನ್ನು ಅಳಿಸಿ, ಪಿಎನ್‌ಜಿ ರೂಪದಲ್ಲಿ ಉಳಿಸಬೇಕು. ಜೆಪೆಗ್‌ಗೆ ಪಾರದರ್ಶಕತೆ ಗೊತ್ತಿಲ್ಲ. ದುಂಡು ಮಾಡಿದ ಚಿತ್ರದ ಸುತ್ತ ಮತ್ತೆ ಬಿಳಿ ಚೌಕ ಬಂತೆಂದು ದೂರುವವರು ಬಹುಪಾಲು ಜೆಪೆಗ್‌ನಲ್ಲಿ ಉಳಿಸಿದವರು.

ಮೆಟ್ಟಿಲ ಮೇಲೆ ದುಂಡು

ಬಿಂದುಗಳೆಲ್ಲ ಚೌಕವಾಗಿದ್ದರೆ ಅವುಗಳಿಂದ ದುಂಡು ಹೇಗೆ ಬರುತ್ತದೆ? ಇಳಕಲ್ಲಿನ ಸೀರೆಯ ಮೇಲೆ ಕಸೂತಿ ಹಾಕುವ ಹೆಣ್ಣುಮಕ್ಕಳಿಗೆ ಈ ಪ್ರಶ್ನೆ ಹೊಸದಲ್ಲ. ಮಗ್ಗದ ಮೇಲೆ ಹಾಸು ಮತ್ತು ಹೊಕ್ಕು ಎಂಬ ಎರಡೇ ದಿಕ್ಕುಗಳು. ಕಸೂತಿಯಲ್ಲಿ ಬಟ್ಟೆಯ ಮೇಲೆ ಗೆರೆ ಎಳೆದುಕೊಳ್ಳುವುದಿಲ್ಲ. ಎಳೆಗಳನ್ನು ಎಣಿಸಿ ಸೂಜಿ ಹಾಕುತ್ತಾರೆ. ಗಾವಂತಿ, ಮುರಗಿ, ನೇಯ್ಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳಲ್ಲಿ ಮುರಗಿ ಮೆಟ್ಟಿಲಿನಂತೆ ಏರುತ್ತ ಇಳಿಯುತ್ತ ಸಾಗುತ್ತದೆ. ತೇರು, ಗೋಪುರ, ಆನೆ, ತುಳಸಿಕಟ್ಟೆಗಳೆಲ್ಲ ಆ ಎಣಿಕೆಯಲ್ಲೇ ಮೂಡಬೇಕು. ತೇರಿನ ಗಾಲಿಯನ್ನು ಹತ್ತಿರದಿಂದ ನೋಡಿದರೆ ಮೆಟ್ಟಿಲು, ಮಾರು ದೂರದಿಂದ ನೋಡಿದರೆ ದುಂಡು.

ಕಂಪ್ಯೂಟರಿನ ದುಂಡೂ ಹೀಗೆಯೇ. ಬಿಂದುಗಳು ಕಡಿಮೆಯಿದ್ದರೆ ಅಂಚು ಗರಗಸದ ಹಲ್ಲಾಗುತ್ತದೆ. ಇದಕ್ಕೆ ತಂತ್ರಾಂಶ ಕಂಡುಕೊಂಡ ಉಪಾಯವೆಂದರೆ ಅಂಚಿನ ಮೇಲೆ ಬಿದ್ದ ಬಿಂದುವಿಗೆ ನಡುವಣ ಬಣ್ಣ ಕೊಡುವುದು. ಬಿಂದುವಿನ ಕಾಲುಭಾಗ ಮಾತ್ರ ದುಂಡಿನೊಳಗಿದ್ದರೆ ಕಾಲುಭಾಗದಷ್ಟೇ ಬಣ್ಣ. ಕಣ್ಣು ಮೋಸಹೋಗಿ ನುಣುಪು ಕಾಣುತ್ತದೆ. ಆದ್ದರಿಂದ ಸಣ್ಣ ಚಿತ್ರವನ್ನು ದುಂಡು ಮಾಡಿ ಆಮೇಲೆ ಹಿಗ್ಗಿಸಬಾರದು. ದೊಡ್ಡದರಲ್ಲಿ ದುಂಡು ಮಾಡಿ ಆಮೇಲೆ ಕುಗ್ಗಿಸಬೇಕು.

ಮೂಲೆಯಲ್ಲಿ ಉಳಿದ ಊರು

ಇಷ್ಟು ಕೆಲಸದ ಮಾತಾಯಿತು. ಇನ್ನು ಆರಂಭದ ಎರಡನೆಯ ಪ್ರಶ್ನೆ. ಹೊರಗೆ ಹೋದದ್ದು ಏನು?

ಮುಖಚಿತ್ರಕ್ಕಾಗಿ ಫೋಟೊ ದುಂಡು ಮಾಡುವಾಗ ನಾವು ಉಳಿಸಿಕೊಳ್ಳುವುದು ಮುಖ. ಬಿಡುವುದು ಹಿಂದಿನ ಗೋಡೆ, ಬಾಗಿಲು, ಓಣಿ, ಪಕ್ಕದಲ್ಲಿ ಅರ್ಧ ಕಂಡ ನೆರೆಮನೆಯವರು. ಬೇರೆ ಊರುಗಳಲ್ಲಿ ಇದು ದೊಡ್ಡ ನಷ್ಟವಾಗಿ ಕಾಣಲಿಕ್ಕಿಲ್ಲ. ಓಣಿ ಅಲ್ಲೇ ಇದೆ, ಮತ್ತೊಮ್ಮೆ ಹೋಗಿ ತೆಗೆಯಬಹುದು. ಬಾಗಲಕೋಟೆಯ ಮಾತು ಬೇರೆ. ಕೃಷ್ಣೆಗೆ ಅಡ್ಡಲಾಗಿ ಕಟ್ಟಿದ ಆಲಮಟ್ಟಿ ಅಣೆಕಟ್ಟಿಗೆ 1964ರಲ್ಲಿ ಶಂಕುಸ್ಥಾಪನೆಯಾಯಿತು. ಮುಂದೆ ಅದರ ಹಿನ್ನೀರು ಘಟಪ್ರಭೆಯ ಪಾತ್ರದಲ್ಲಿ ಏರಿ ಬಂದು ಹಳೆಯ ಬಾಗಲಕೋಟೆಯ ತಗ್ಗಿನ ಭಾಗಗಳನ್ನು ಆವರಿಸಿತು. ಮನೆ ಕಳೆದುಕೊಂಡವರಿಗಾಗಿ ನವನಗರ ಎದ್ದಿತು. ನದಿದಂಡೆಯ ಅನೇಕ ಹಳ್ಳಿಗಳ ಜನರೂ ಹೊಸ ತಾಣಗಳಿಗೆ ಹೋದರು. ಹೊಸ ಊರಿನಲ್ಲಿ ಅಗಲವಾದ ರಸ್ತೆಗಳಿವೆ, ಸೆಕ್ಟರುಗಳಿವೆ. ಹಳೆಯ ಊರಿನ ಮುಳುಗಿದ ಓಣಿಗಳಿಗೆ ಹೋಗಿ ನಿಲ್ಲುವುದು ಮಾತ್ರ ಸಾಧ್ಯವಿಲ್ಲ.

ಹೀಗೆ ಮುಳುಗಿದ ಮನೆಯ ಕಟ್ಟೆಯ ಮೇಲೆ ಕುಳಿತು ತೆಗೆಸಿಕೊಂಡ ಒಂದು ಫೋಟೊ ಇದೆಯೆಂದು ಇಟ್ಟುಕೊಳ್ಳೋಣ. ನಡುವೆ ಅಜ್ಜಿ. ಒಂದು ಮೂಲೆಯಲ್ಲಿ ಬಾಗಿಲ ಚೌಕಟ್ಟಿನ ಕೆತ್ತನೆ, ಇನ್ನೊಂದರಲ್ಲಿ ಬೀದಿಯ ತಿರುವು, ಮೂರನೆಯದರಲ್ಲಿ ಗುಡಿಯ ಗೋಡೆ. ಅಜ್ಜಿ ತೀರಿಕೊಂಡ ಮೇಲೆ ಮನೆಯವರು ಆ ಫೋಟೊ ಒಯ್ದು ಮುಖದ ಭಾಗವನ್ನಷ್ಟೇ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಹಾರ ಹಾಕುತ್ತಾರೆ. ಅದು ಸರಿಯಾದದ್ದೇ. ನಂತರ ಮೂಲ ಪ್ರತಿ ಎಲ್ಲೋ ಕಳೆಯುತ್ತದೆ. ಅಜ್ಜಿ ಉಳಿದಳು, ಬಾಗಿಲು, ತಿರುವು, ಗೋಡೆ ಎರಡನೆಯ ಸಲ ಮುಳುಗಿದವು. ಮೊದಲನೆಯ ಸಲ ನೀರಿನಲ್ಲಿ, ಎರಡನೆಯ ಸಲ ಕತ್ತರಿಯಲ್ಲಿ.

ಚಿತ್ರ ತೆಗೆದವನು ಬೇಕೆಂದು ಸೇರಿಸದ ಸಂಗತಿಗಳೇ ಮುಂದೆ ಇತಿಹಾಸಕ್ಕೆ ಹೆಚ್ಚು ಬೇಕಾಗುತ್ತವೆ. ಬಿಗ್ಸ್‌ನಿಗೆ ಬೇಕಾದದ್ದು ಗುಡಿ. ಇಂದು ಆ ಹಳೆಯ ಚಿತ್ರಗಳನ್ನು ನೋಡುವವರು ಗುಡಿಯ ಜೊತೆಗೆ ಅದರ ಸುತ್ತಲಿನ ನೆಲವನ್ನೂ ಅಷ್ಟೇ ಆಸಕ್ತಿಯಿಂದ ನೋಡುತ್ತಾರೆ. ಐಹೊಳೆಯ ಗುಡಿಗಳಲ್ಲಿ ಜನ ವಾಸವಾಗಿದ್ದರೆಂಬುದಕ್ಕೆ ಲಾಡಖಾನ್ ಗುಡಿಯ ಹೆಸರೇ ಸಾಕ್ಷಿ. ದುರ್ಗದ ಗುಡಿಗೆ ಆ ಹೆಸರು ಬಂದದ್ದು ದೇವಿಯಿಂದಲ್ಲ, ಅಲ್ಲಿದ್ದ ಕೋಟೆಯಿಂದ. ಸುತ್ತಲಿನದನ್ನು ಬಿಟ್ಟು ಗುಡಿಯನ್ನಷ್ಟೇ ಉಳಿಸಿಕೊಂಡಿದ್ದರೆ ಆ ಹೆಸರುಗಳ ಅರ್ಥವೂ ಹೋಗುತ್ತಿತ್ತು.

ಆದ್ದರಿಂದ ಹಳೆಯ ಫೋಟೊವನ್ನು ದುಂಡು ಮಾಡಿಸುವವರು ಒಂದೆರಡು ಕೆಲಸ ಮೊದಲು ಮಾಡುವುದು ಒಳ್ಳೆಯದು. ಇಡೀ ಫೋಟೊವನ್ನು, ಬಿಳಿ ಅಂಚೂ ಸೇರಿದಂತೆ, ಕಚ್ಚಾ ರೂಪದಲ್ಲಿ ತೆಗೆದಿಡಬೇಕು. ಸಾಧ್ಯವಿದ್ದರೆ ಗಾಜನ್ನು ಬಿಚ್ಚಿ, ಎರಡೂ ಪಕ್ಕಗಳಿಂದ ಓರೆಯಾಗಿ ಬೆಳಕು ಬೀಳುವಂತೆ ಮಾಡಿದರೆ ಹೊಳಪು ಕಾಡುವುದಿಲ್ಲ. ಫೋಟೊದ ಬೆನ್ನನ್ನೂ ತೆಗೆಯಬೇಕು. ಸ್ಟುಡಿಯೋದ ಮುದ್ರೆ, ಯಾರೋ ಪೆನ್ಸಿಲ್ಲಿನಲ್ಲಿ ಬರೆದ ಹೆಸರು, ತಾರೀಖು ಇರುವುದು ಅಲ್ಲಿಯೇ. ಆಮೇಲೆ ಎಷ್ಟು ಬೇಕಾದರೂ ದುಂಡು ಮಾಡಿಕೊಳ್ಳಲಿ. ಚೌಕಟ್ಟಿನ ಅಂಗಡಿಗೆ ಕೊಡುವುದಾದರೆ ಕಾಗದವನ್ನು ದುಂಡಾಗಿ ಕತ್ತರಿಸುವ ಅಗತ್ಯವೇ ಇಲ್ಲ. ದುಂಡು ತೂತಿನ ರಟ್ಟನ್ನು ಮೇಲಿಟ್ಟರೆ ಸಾಕು, ಮೂಲೆಗಳು ರಟ್ಟಿನ ಹಿಂದೆ ಕ್ಷೇಮವಾಗಿರುತ್ತವೆ.

ಕಾಯುವ ದುಂಡು

ಹುನಗುಂದ ತಾಲ್ಲೂಕಿನ ಕೂಡಲಸಂಗಮದಲ್ಲಿ, ಕೃಷ್ಣೆ ಮಲಪ್ರಭೆಗಳು ಕೂಡುವಲ್ಲಿ, ಬೇರೊಂದು ಬಗೆಯ ದುಂಡು ಚೌಕಟ್ಟಿದೆ. ಬಸವಣ್ಣನವರ ಐಕ್ಯಮಂಟಪ ನಾರಾಯಣಪುರ ಜಲಾಶಯದ ಹಿನ್ನೀರಿನಲ್ಲಿ ಮುಳುಗುವಂತಾದಾಗ ಅದರ ಸುತ್ತ ಬಾವಿಯಂತೆ ದುಂಡು ಗೋಡೆಯನ್ನು ಎತ್ತರಿಸಿದರು. ಇಂದು ಭಕ್ತರು ಸೇತುವೆಯ ಮೇಲೆ ನಡೆದು, ಮೆಟ್ಟಿಲಿಳಿದು, ನೀರಿನ ಮಟ್ಟಕ್ಕಿಂತ ಕೆಳಗಿರುವ ಆ ಜಾಗಕ್ಕೆ ಹೋಗುತ್ತಾರೆ. ಹೊರಗೆ ನೀರು, ಒಳಗೆ ಒಣ ನೆಲ. ನಡುವೆ ಒಂದು ವೃತ್ತ.

ಎಲ್ಲವನ್ನೂ ಹೀಗೆ ಗೋಡೆ ಕಟ್ಟಿ ಉಳಿಸಿಕೊಳ್ಳಲಾಗದು. ಆದ್ದರಿಂದಲೇ ಯಾವುದನ್ನು ದುಂಡಿನೊಳಗೆ ತರಬೇಕೆಂಬ ತೀರ್ಮಾನಕ್ಕೆ ಬೆಲೆ ಬರುತ್ತದೆ. ಬಾದಾಮಿಯ ಶಿಲ್ಪಿ ಆ ತೀರ್ಮಾನವನ್ನು ಉಳಿ ಹಿಡಿಯುವ ಮೊದಲೇ ಮಾಡಿದ. ಕಲ್ಲು ಹೋದರೆ ಹೋಯಿತು, ಮತ್ತೆ ಬಾರದು. ಫೋಟೊ ತೆಗೆಯುವವನಿಗೆ ಆ ಕಷ್ಟವಿಲ್ಲ. ಕಚ್ಚಾ ಕಡತ ಕೈಯಲ್ಲಿರುವವರೆಗೆ ಇಂದು ಅಜ್ಜಿಯ ಮುಖಕ್ಕೆ ದುಂಡು ಹಾಕಬಹುದು, ನಾಳೆ ಮೊಮ್ಮಗ ಬಂದು ಅವಳ ಹಿಂದಿನ ಬಾಗಿಲನ್ನು ನೋಡಲು ಅದನ್ನು ತೆಗೆಯಬಹುದು. ಮೂಲವನ್ನು ಉಳಿಸಿದರಷ್ಟೇ ಆ ಬಾಗಿಲು ಮತ್ತೆ ಕಂಡೀತು.